ಕತ್ತರಿಗೋಲಿನ ಅಕ್ಕ

ಮಮದಾಪುರದ ಬಸ್ ನಿಲ್ಲುವ ಕಡೆ ಅಕ್ಕನ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿದ್ದಾರೆ. ‘ಸಹನೆಯ ಸಾಕಾರಮೂರ್ತಿ, ಮೃದುಭಾಷಿ’ ಅಂತ ಬರೆಸಿದ್ದಾರೆ. ಗಾಡಿ ನಿಲ್ಲಿಸಿ ಇನ್ನೊಮ್ಮೆ ಓದಿದೆ. ಫೋಟೊ ಆಕೆಯದೇ, ಮಾತು ಇನ್ಯಾರದೋ. ಫ್ಲೆಕ್ಸ್ ಅಂಗಡಿಯವನ ಹತ್ತಿರ ಸತ್ತ ಗಂಡಸರಿಗೆ ಒಂದು, ಸತ್ತ ಹೆಂಗಸರಿಗೆ ಒಂದು ತಯಾರು ಮಾತು ಇರುತ್ತದೆ. ಹೆಸರು ಬದಲು ಮಾಡಿ ಕೊಟ್ಟುಬಿಡುತ್ತಾನೆ.

ಇದನ್ನು ನಾನು ಒಪ್ಪುವುದಿಲ್ಲ. ಅಕ್ಕ ಮೃದುಭಾಷಿ ಆಗಿದ್ದರೆ ನನ್ನ ಅಂಗಡಿಯ ಎಷ್ಟೋ ಮಾಲು ನಾನು ಹೇಳಿದ ದರಕ್ಕೇ ಹೋಗಬೇಕಿತ್ತು. ಇನ್ನು ಸಹನೆ. ಆ ಹೆಂಗಸು ಒಂದೇ ಒಂದು ವಿಷಯವನ್ನೂ ಸಹಿಸಿಕೊಂಡದ್ದು ನಾನು ಕಂಡಿಲ್ಲ. ಸತ್ತವರನ್ನು ಹೊಗಳುವುದಾದರೆ ಇದ್ದ ಹಾಗೆ ಹೊಗಳಬೇಕು. ಇಲ್ಲದ ಗುಣ ಹಚ್ಚಿದರೆ ಅದು ಹಳೆ ಕೊಡಲಿ ಕಾವಿಗೆ ಬಣ್ಣ ಬಳಿದು ಹೊಸದೆಂದು ಮಾರಿದ ಹಾಗೆ. ಕಾವು ಮಾರುವವನೇ ಹೇಳುತ್ತಿದ್ದೇನೆ, ಕೇಳಿರಿ.

ನನ್ನದು ಗೋಕಾಕದಲ್ಲಿ ಬಿದಿರು, ಹಗ್ಗ, ಕೊಡಲಿ ಕಾವು, ಸಲಿಕೆ ಹಿಡಿಕೆಗಳ ಅಂಗಡಿ. ಹುಟ್ಟಿದ್ದು ದಡ್ಡಿಯಲ್ಲಿ. ಸೈಕಲ್ಲಿನ ಹಿಂದೆ ಕಾವುಗಳ ಹೊರೆ ಕಟ್ಟಿಕೊಂಡು ಹುಕ್ಕೇರಿ ಸಂತೆ, ಮೂಡಲಗಿ ಸಂತೆ ತಿರುಗಿ, ಬಿಸಿಲಲ್ಲಿ ಕೂಗಿ ಕೂಗಿ ಮಾರಿ ಬೆಳೆದವನು. ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ. ಹೀಗಾಗಿ ಗಿರಾಕಿ ಅಂಗಡಿ ಮೆಟ್ಟಿಲು ಹತ್ತುವಾಗಲೇ ಅವನ ಜೇಬು, ಅವನ ಅವಸರ ಎರಡೂ ನನಗೆ ಗೊತ್ತಾಗುತ್ತವೆ. ಗೊತ್ತಾಗದ ಗಿರಾಕಿ ಆಕೆಯೊಬ್ಬಳೇ.

ಮೊದಲ ಸಲ ಬಂದಾಗ ಆಕೆಯ ಗಂಡ ತೀರಿ ಸ್ವಲ್ಪ ದಿನವಾಗಿತ್ತು. ಎತ್ತರದ ಹೆಂಗಸು. ಎಡ ಮೊಣಕೈ ಸಣ್ಣವಳಿದ್ದಾಗ ಚಕ್ಕಡಿಯಿಂದ ಬಿದ್ದು ಮುರಿದಿತ್ತಂತೆ. ಊರಿನ ಎಲುಬು ಕಟ್ಟುವವನು ಹೇಗೆ ಕಟ್ಟಿದನೋ ಹಾಗೇ ಸೆಟೆದು ಕೂತಿತ್ತು. ಕೈ ಎದೆಯ ಮಟ್ಟಕ್ಕೆ ಏರುತ್ತಿತ್ತು, ಅದರಾಚೆ ಇಲ್ಲ.

“ಕಾವು ಬೇಕೇನ್ರಿ ಅಕ್ಕಾರ?” ಅಂದೆ.

“ಕಾವು ಬ್ಯಾಡ. ಬಿದಿರು ಬೇಕು. ಒಳಗ ಪೊಳ್ಳಿರಬಾರದು.”

“ಯಾತಕ್ಕ ಅಂತ ಹೇಳ್ರಿ, ಅದಕ್ಕ ತಕ್ಕಂಗ ಕೊಡ್ತೇನಿ.”

“ಬಂದೂಕು ಇಡಾಕ.”

ಹಗ್ಗ ಅಳೆಯುತ್ತಿದ್ದ ಇಬ್ಬರು ಗಿರಾಕಿಗಳು ಅಳತೆ ಬಿಟ್ಟು ತಿರುಗಿದರು.

“ಬಂದೂಕು ಗ್ವಾಡಿಗೆ ತೂಗ ಹಾಕ್ತಾರ್ರಿ, ಬಿದಿರಿಗಲ್ಲ,” ಅಂದೆ ನಗುತ್ತ.

“ಗ್ವಾಡಿ ಹೊತಗೊಂಡ ಹೊಲಕ್ಕ ಹೋಗಾಕ ಬರ್ತೈತೇನೋ ತಮ್ಮಾ?”

ಆಮೇಲೆ ಬಿಡಿಸಿ ಹೇಳಿದಳು. ಗಂಡನ ಹೆಸರಿಗೆ ಹೊಲದ ಪೀಕು ಕಾಯುವ ಒಂಟಿ ನಳಿಗೆಯ ಬಂದೂಕು ಇತ್ತು. ಅವನು ತೀರಿದ ಮೇಲೆ ಕಾಯ್ದೆ ಪ್ರಕಾರ ಅದು ಪೊಲೀಸ್ ಠಾಣೆಗೆ ಹೋಯಿತು. ಈಕೆ ತನ್ನ ಹೆಸರಿಗೆ ಲೈಸನ್ಸ್ ಕೇಳಿ ಅರ್ಜಿ ಕೊಟ್ಟಳು. ಮೈದುನ ತಕರಾರು ಬರೆದುಕೊಟ್ಟ. ವೈನಿಗೆ, ಅಂದರೆ ಅತ್ತಿಗೆಗೆ, ಒಂದು ಕೈ ಸರಿಯಿಲ್ಲ, ಬಂದೂಕು ಎತ್ತಲಿಕ್ಕೇ ಆಗುವುದಿಲ್ಲ, ಆದ್ದರಿಂದ ಮನೆತನದ ಬಂದೂಕು ನನ್ನ ಹೆಸರಿಗೆ ಮಾಡಿಕೊಡಬೇಕು ಅಂತ. ಮಾತು ಬರೇ ಬಂದೂಕಿನದಾಗಿದ್ದರೆ ಆಕೆ ಅಷ್ಟು ಹಟ ಹಿಡಿಯುತ್ತಿರಲಿಲ್ಲ. ಆಕೆಯ ಗೋವಿನಜೋಳದ ಹೊಲಕ್ಕೆ ಹಂದಿಯ ಹಿಂಡು ಬಂದರೆ ಬೆಳಗಾಗುವುದರೊಳಗೆ ದಂಟು ಸಹ ಉಳಿಯುತ್ತಿರಲಿಲ್ಲ. ಒಂದು ಕಡೆ ಗುಡ್ಡದ ಕುರುಚಲು, ಇನ್ನೊಂದು ಕಡೆ ಮೈದುನನ ಕಬ್ಬು. ಮಗಳನ್ನು ಮೂಡಲಗಿಗೆ ಕೊಟ್ಟಿದ್ದಳು, ಮನೆಯಲ್ಲಿ ಒಬ್ಬಳೇ.

“ಪೀಕು ಕಾಯಾಕ ಆಗಲಿಲ್ಲಂದ್ರ ಹೊಲ ಲಾವಣಿಗೆ ಕೊಡಬೇಕಾಕೈತಿ,” ಅಂದಳು. ಲಾವಣಿ ಅಂದರೆ ಗುತ್ತಿಗೆ. “ಲಾವಣಿಗೆ ಹಿಡಿಯಾವ ಬದುವಿನ ಮ್ಯಾಲೆ ನಿಂತ ಕಾಯಾಕತ್ತಾನ. ಒಮ್ಮಿ ಅವನ ಕೈಗೆ ಹೋತಂದ್ರ ನಾ ನನ್ನ ಹೊಲಕ್ಕ ಕೂಲಿಗೆ ಹೋಗಬೇಕು. ನಾ ಹೋಗಂಗಿಲ್ಲ.”

ನಾನು ವ್ಯಾಪಾರಸ್ಥ. ದುಃಖ ಕೇಳಿದರೆ ದರ ಇಳಿಸಬೇಕಾಗುತ್ತದೆ ಅಂತ ಬೇಗ ಮಾಲಿನ ಮಾತಿಗೆ ಬಂದೆ. ಬಾಜೂ ಫೋಟೊ ಸ್ಟುಡಿಯೊದವನು ಮಾರಲು ಇಟ್ಟಿದ್ದ ಮೂರು ಕಾಲಿನ ಕ್ಯಾಮೆರಾ ಸ್ಟ್ಯಾಂಡ್ ತಂದು ತೋರಿಸಿದೆ. ಅಲ್ಯೂಮಿನಿಯಂ. ಹಗುರ. ತಿರುಪು ತಿರುವಿದರೆ ಕಾಲು ಉದ್ದ ಆಗುತ್ತದೆ, ಗಿಡ್ಡ ಆಗುತ್ತದೆ. ಆಕೆ ಒಂದು ಕಾಲು ಎಳೆದಳು, ಕ್ಲಿಕ್ ಅಂದಿತು. ಎರಡನೇದು ಎಳೆದಳು, ಕ್ಲಿಕ್. ಮೂರನೇದಕ್ಕೆ ಕೈ ಹಾಕಲೇ ಇಲ್ಲ.

“ಇದರ ಕಾಲು ಬಿಚ್ಚೂದರಾಗ ಹಂದಿ ಉಂಡು ಕೈ ತೊಳಕೊಂಡಿರ್ತೈತಿ. ಮ್ಯಾಲ ಈ ಸಪ್ಪಳ ಬ್ಯಾರೆ, ಬರ್ರಿ ಊಟಕ್ಕ ಅಂತ ಕರದಂಗ. ನನಗ ಎರಡ ಕಾಲಿಂದ ಸಾಕು.”

“ಎರಡ ಕಾಲಿನ ಮ್ಯಾಲ ಹೆಂಗ ನಿಂದರ್ತೈತ್ರಿ?”

“ಮೂರನೇ ಕಾಲು ನಾ ಇದ್ದೇನಲ್ಲ!”

ಮುಂದೆ ಅರ್ಧ ಮುಂಜಾನೆ ನನ್ನ ಗೂಡಿನೊಳಗಿನ ಬಿದಿರೆಲ್ಲ ಅಂಗಳಕ್ಕೆ ಬಂತು. ಒಂದೊಂದನ್ನೂ ಕಣ್ಣಿಗೆ ಹಿಡಿದು ತುದಿಯವರೆಗೆ ನೋಡುವುದು, ನಡುವೆ ಮೊಣಕಾಲು ಕೊಟ್ಟು ಒತ್ತುವುದು, ಕಲ್ಲಿಗೆ ಬಡಿದು ಕೇಳುವುದು. ಗಣ್ಣು ಹತ್ತಿರ ಹತ್ತಿರ ಇರಬೇಕು, ಬುಡದಿಂದ ತುದಿಗೆ ದಪ್ಪ ಹೆಚ್ಚು ಕಡಿಮೆ ಆಗಬಾರದು, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಸಾಕು. ನೀವೂ ಎಂದಾದರೂ ಕೋಲು ಆರಿಸುವ ಪ್ರಸಂಗ ಬಂದರೆ ಹಾಗೇ ಆರಿಸಿರಿ. ಅಂಗಡಿಯವನು ಮೇಲೆ ಇಟ್ಟದ್ದನ್ನು ಬಿಟ್ಟು ಒಳಗಿನದು ಎಳೆಯಿರಿ. ನನ್ನ ಅಂಗಡಿ ಒಂದನ್ನು ಬಿಟ್ಟು ಉಳಿದ ಕಡೆ.

ದರಕ್ಕೆ ಆಕೆ ವಾದ ಮಾಡುತ್ತಿರಲಿಲ್ಲ. ನಾನು ಹೇಳಿದ ಮೇಲೆ ಸುಮ್ಮನೆ ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದಳು. ನಾನು ಇನ್ನೊಂದು ದರ ಹೇಳುವವರೆಗೆ ನಿಲ್ಲುತ್ತಿದ್ದಳು. ಸಂತೆಯಲ್ಲಿ ಇಂಥ ಎಷ್ಟು ಜನರನ್ನು ಕಂಡಿದ್ದೇನೆ, ನಾನೂ ಸುಮ್ಮನೆ ನಿಂತೆ. ಕೊನೆಗೆ ಹಗ್ಗದ ಗಿರಾಕಿಯೇ, “ಯಾರರೇ ಒಬ್ರು ಮಾತಾಡ್ರಿ, ನಮಗ ಬಸ್ಸಿಗೆ ಹೊತ್ತಾತು,” ಅಂದ. ಕೋಲು ನನ್ನ ದರಕ್ಕೆ ಹೋಯಿತು. ಆದರೆ ಕಟ್ಟುವ ತೊಗಲಿನ ಬಾರು ಪುಕ್ಕಟೆ ಹೋಯಿತು. ನಾನು ಬೇಕೆಂದೇ ಗಿಡ್ಡ ಬಾರು ಕೊಟ್ಟೆ. ಮುಂದಿನ ಸಂತೆಗೆ ಬಂದು, ಬಾರು ಗಿಡ್ಡ ಆಯಿತೆಂದು ಇನ್ನೊಂದು ಒಯ್ದಳು. ಅದೂ ಪುಕ್ಕಟೆ.

ಆ ಕೋಲಿನ ಜೋಡಿಯನ್ನು ಆಕೆ ಕಟ್ಟಿದ ರೀತಿ ಹೇಳಬೇಕು. ಎರಡು ಕೋಲು ಮೇಲಿನಿಂದ ಒಂದು ಗೇಣು ಬಿಟ್ಟು ಕತ್ತರಿ ಹಾಗೆ ಅಡ್ಡ ಇಟ್ಟು, ಬಾರನ್ನು ಎಂಟು ಅಂಕಿಯ ಹಾಗೆ ಸುತ್ತಿ ಕಟ್ಟುವುದು. “ತೂತು ಕೊರದು ನಟ್-ಬೋಲ್ಟ್ ಹಾಕ್ರಿ, ಗಟ್ಟಿ ಆಕೈತಿ,” ಅಂತ ನಾನು ಬೋಲ್ಟ್ ತೋರಿಸಿದ್ದೆ. ಕಬ್ಬಿಣ ಕಿರುಗುಟ್ಟುತ್ತದೆ ಅಂತ ಬೇಡವೆಂದಳು. ಮೇಲಿನ ಕವಲಿಗೆ ಸೈಕಲ್ ಟ್ಯೂಬ್ ಸುತ್ತಲು ಹೇಳಿದೆ, ಅದೂ ಬೇಡ. ರಬ್ಬರ್ ಬಂದೂಕನ್ನು ಹಿಡಿದುಕೊಳ್ಳುತ್ತದೆ, ಹಾರಿಸಿದಾಗ ಬಂದೂಕು ತನ್ನಷ್ಟಕ್ಕೆ ಎದ್ದು ಕೂಡಬೇಕು. ಕೌದಿಯ ತುಂಡು ಸುತ್ತಿದಳು. ಆ ಕವಲಿನಲ್ಲಿ ನಳಿಗೆ ಇಡಬಾರದಂತೆ, ನಳಿಗೆಯ ಕೆಳಗಿನ ಕಟ್ಟಿಗೆ ಇಡಬೇಕಂತೆ. ಎಡಗೈ ಮೇಲೇರದಿದ್ದರೂ ಎದೆಯ ಮಟ್ಟದಲ್ಲಿ ಕೋಲು ಹಿಡಿಯುತ್ತದೆ. ಭಾರ ಕೋಲಿನದು, ಗುರಿ ಬಲಗೈಯದು.

ಎಲ್ಲದರಲ್ಲೂ ಆಕೆಯದೇ ಸರಿ ಅಂತ ತಿಳಿಯಬೇಡಿರಿ. ಅಮಾವಾಸ್ಯೆಗೆ ಕಡಿದ ಬಿದಿರಿಗೆ ಹುಳ ಹತ್ತುವುದಿಲ್ಲ ಅಂತ ಆಕೆಯ ನಂಬಿಕೆ. “ಅದೆಲ್ಲ ಸುಳ್ರಿ, ಬಾವ್ಯಾಗ ನೆನಸಿ ಒಣಗಿಸ್ರಿ,” ಅಂತ ನಾನು ಬಡಕೊಂಡೆ. “ನೀ ಸಂತ್ಯಾಗ ಹುಟ್ಟಿದಾವ, ನಿನಗೇನ ತಿಳೀತೈತಿ,” ಅಂದಳು. ಮಳೆಗಾಲ ಬರುವ ಮೊದಲೇ ಜೋಡಿ ಹೊತ್ತು ಬಂದು ನನ್ನ ಗಲ್ಲೆಯ ಮೇಲೆ ಕುಟ್ಟಿದಳು. ಹಳದಿ ಪುಡಿ ಬಿತ್ತು.

“ನೋಡ, ನಿನ್ನ ಬಿದಿರು ಹಿಟ್ಟು ಬೀಸಾಕತ್ತೈತಿ. ರೊಟ್ಟಿ ಬಡೀಲೇನು?”

“ಅಮಾವಾಸ್ಯಿದಂತ ನೀವ ಆರಿಸಿದ್ದಲ್ರಿ ಅಕ್ಕಾರ?”

ಆಕೆ ಒಂದು ಕ್ಷಣವೂ ತಡೆಯಲಿಲ್ಲ. “ನಿಮ್ಮ ಗೋಕಾಂವಿ ಅಮಾವಾಸ್ಯಿನ ಖೊಟ್ಟಿ,” ಅಂದಳು.

ಎರಡನೇ ಜೋಡಿ ಬಾವಿಯಲ್ಲಿ ನೆನೆಯಿತು. ಯಾರು ಹೇಳಿದ್ದು ಅಂತ ಊರವರು ಕೇಳಿದರೆ ತನ್ನ ಅಪ್ಪ ಹೇಳಿದ್ದೆಂದು ಹೇಳುತ್ತಿದ್ದಳು.

ಆ ಅಪ್ಪನ ವಿಷಯ. ಚಿಗರಿ ಜಿಂಕೆಯ ಬೇಟೆಗೆ ನಿರ್ಬಂಧ ಇಲ್ಲದ ಕಾಲದಲ್ಲಿ, ಒಬ್ಬ ಇನಾಮದಾರರ ಹಿಂದೆ ಅವನು ಕತ್ತರಿಗೋಲು ಹೊತ್ತು ಹೋಗುತ್ತಿದ್ದ. ಎರೆಹೊಲದ ಬಯಲಲ್ಲಿ ಮರೆ ಇಲ್ಲ, ಚಿಗರಿ ದೂರದಿಂದಲೇ ಮನುಷ್ಯನನ್ನು ಕಾಣುತ್ತದೆ. ಅದಕ್ಕೆ ಒಂದು ಎತ್ತನ್ನು ಮುಂದೆ ಬಿಟ್ಟು, ಅದರ ಹೊಟ್ಟೆಯ ಮರೆಗೆ ಬಗ್ಗಿ ನಡೆಯುವುದು. ಎತ್ತು ಮೇದಂತೆ ಮಾಡುತ್ತ ಸಾಗಬೇಕು, ಇವರು ಅದರ ಕಾಲಿನ ಜೊತೆ ತಮ್ಮ ಕಾಲು ಹಾಕಬೇಕು. ಎತ್ತು ಜಗ್ಗಿದರೆ ಚುಚ್ಚಲಿಕ್ಕೆ ಅದೇ ಕೋಲು. ಸರಿಯಾದ ಅಂತರಕ್ಕೆ ಬಂದ ಮೇಲೆ ಕೋಲು ಅಗಲಿಸಿ ಊರಿ, ಮೇಲೆ ರೈಫಲ್ ಇಟ್ಟು ಹೊಡೆಯುವುದು. ಒಮ್ಮೆ ಇನಾಮದಾರರು ಹೊಡೆದದ್ದು ತಪ್ಪಿ ಚಿಗರಿಯ ಕಾಲು ಮುರಿಯಿತು, ಅದು ಕುಂಟುತ್ತ ಓಡಿತು. ಎಲ್ಲರೆದುರು, “ನಿನ್ನ ಕೋಲು ನಡಗತೈತಿ,” ಅಂದರಂತೆ. ಅಪ್ಪ ಕೋಲನ್ನು ಅಲ್ಲೇ ಊರಿ, ಕವಲಿನಲ್ಲಿ ತುಂಬಿದ ನೀರಿನ ತಂಬಿಗೆ ಕೂರಿಸಿ, ಕೈ ಆನಿಸಿ ಹಿಡಿದು ನಿಂತ. ಹನಿ ತುಳುಕಲಿಲ್ಲ. “ಕೋಲು ನಿಂತೈತ್ರಿ. ನಡಗಿದ್ದು ಬ್ಯಾರೆ ಯಾವದೋ ಇರಬೇಕು,” ಅಂದ. ಅಂದಿನಿಂದ ಅವನಿಗೆ ಆ ವಾಡೆಯ ಕೆಲಸ ಹೋಯಿತು.

ಈ ಕಥೆ ಹೇಳುವಾಗ ಅಕ್ಕನ ಮುಖದಲ್ಲಿ ಕೆಲಸ ಹೋದ ದುಃಖ ಇರುತ್ತಿರಲಿಲ್ಲ, ತಂಬಿಗೆ ತುಳುಕದ ಖುಷಿ ಇರುತ್ತಿತ್ತು. “ಚಿಗರಿ ಪಾಪ,” ಅಂದೆ ನಾನು. “ಪಾಪನ ಮತ್ತ. ಅಪ್ಪ ಆವತ್ತು ರಾತ್ರಿ ಉಣಲಿಲ್ಲ,” ಅಂದಳು. ಅಷ್ಟೇ.

ಈಕೆಯ ಹೊಲಕ್ಕೂ ಚಿಗರಿ ಬರುತ್ತಿದ್ದವು. ಅವನ್ನು ಮುಟ್ಟುವ ಹಾಗಿಲ್ಲ, ಹಂದಿಯನ್ನೂ ಅಪ್ಪಣೆ ಇಲ್ಲದೆ ಕೊಲ್ಲುವ ಹಾಗಿಲ್ಲ. ಬಂದೂಕು ಬೆದರಿಸಲಿಕ್ಕೆ ಮಾತ್ರ. ನನ್ನ ವ್ಯಾಪಾರಿ ಬುದ್ಧಿಗೆ ಒಂದು ಪ್ರಶ್ನೆ ಬಂತು.

“ಹಂಗಾದ್ರ ಕೋಲು ಯಾಕ್ರಿ? ಮ್ಯಾಲೆ ಆಕಾಶಕ್ಕ ಹಾರಿಸಿದ್ರ ಮುಗೀತಲ್ಲ. ಅದಕ್ಕ ಗುರಿ ಯಾಕ?”

“ಮ್ಯಾಲೆ ಹಾರಿಸಿದ್ದು ಎಲ್ಲಿ ಬೀಳತೈತಿ, ನೀ ಹೋಗಿ ಹಿಡಕೊಂಡ ಬರ್ತೀಯೇನು? ಕಬ್ಬಿನಾಗ ಮಂದಿ ಇರ್ತಾರ, ನೀರು ಬಿಡಾವ್ರು ಇರ್ತಾರ, ಯಾರದೋ ದನ ಇರ್ತೈತಿ. ಹಂದಿ ಬಾಜೂಕ ಬದುವಿನ ಮಣ್ಣಿಗೆ ಹೊಡೀಬೇಕು. ಮಣ್ಣು ಸಿಡದು ಅದರ ಮಾರಿಗೆ ಬಡೀಬೇಕು. ಹೊಡದು ಕೊಲ್ಲಾವಗ ಕೈ ಒಂದೀಟ ನಡಗಿದ್ರ ಕುತಗಿಗೆ ಬೀಳಬೇಕಾದ್ದು ಸೊಂಟಕ್ಕ ಬೀಳತೈತಿ, ಅಷ್ಟ. ತಾಗಬಾರದು ಅನ್ನಾವಗ ನಡಗಿದ್ರ ಹೆಂಗ?”

ಈ ಮಾತನ್ನು ನಾನು ಬಹಳ ಮಂದಿಗೆ ಹೇಳಿದ್ದೇನೆ. ಅರ್ಧ ಮಂದಿ ನಕ್ಕರು. ನಕ್ಕವರಿಗೆ ಕಾವು ದುಬಾರಿ ಮಾರಿದ್ದೇನೆ.

ಇಷ್ಟೆಲ್ಲ ತಿಳಿದವಳೂ ಒಂದು ತಪ್ಪು ಮಾಡಿದಳು. ಎರಡನೇ ಜೋಡಿಯ ಎತ್ತರವನ್ನು ಮನೆಯ ಪಡಸಾಲೆಯಲ್ಲಿ, ಶಹಾಬಾದ್ ಕಲ್ಲಿನ ಮೇಲೆ ನಿಂತು ಅಳೆದು ಕೊಯ್ದಳು. ಭುಜಕ್ಕೆ ಸರಿಯಾಗಿ ಬಂತು. ಮಳೆ ಬಿದ್ದ ಮೇಲೆ ಹೊಲದಲ್ಲಿ ಊರಿದರೆ ಎರೆಮಣ್ಣು ಕೋಲನ್ನು ಒಂದು ಗೇಣು ನುಂಗಿತು. ಬಂದೂಕು ಇಡುವ ಕವಲು ಎದೆಗೆ ಬಂತು. ಬೇರೆ ಯಾರಾದರೂ ಆಗಿದ್ದರೆ ಬಗ್ಗಿ ನಿಲ್ಲುತ್ತಿದ್ದರು. ಆಕೆ ಬಗ್ಗುವ ಪೈಕಿ ಅಲ್ಲ. ನಾನು ಮುದುಕರ ಊರುಗೋಲಿಗೆ ಹಾಕುವ ರಬ್ಬರ್ ಟೋಪಿ ಕೊಟ್ಟೆ. ಅದು ಕೆಸರಿನಿಂದ ಕೀಳುವಾಗ ‘ಪಚಕ್’ ಅಂತ ಸಪ್ಪಳ ಮಾಡುತ್ತದೆಂದು ಹೊಲದಿಂದಲೇ ಫೋನ್ ಮಾಡಿ ಬೈದಳು, ಸಪ್ಪಳವನ್ನೂ ಕೇಳಿಸಿದಳು. ಕೊನೆಗೆ ತೆಂಗಿನ ಚಿಪ್ಪಿನ ಅರ್ಧ ಹೋಳಿಗೆ ತೂತು ಕೊರೆದು, ಕೋಲಿನ ತುದಿಯಿಂದ ನಾಲ್ಕು ಬೆರಳು ಮೇಲೆ ಬೋರಲು ಹಾಕಿ ಸುತಳಿ ಬಿಗಿದಳು. ತುದಿ ಮಣ್ಣಿಗೆ ಇಳಿಯುತ್ತದೆ, ಚಿಪ್ಪು ತಡೆಯುತ್ತದೆ. ಇದು ನನಗೆ ಹೊಳೆಯಬೇಕಾಗಿದ್ದ ಮಾಲು. ಅಂಥ ಒಂದು ಜೋಡಿ ಮಾಡಿ ಅಂಗಡಿ ಮುಂದೆ ತೂಗುಹಾಕಿ ನೋಡಿದೆ. ಯಾರೂ ಕೊಳ್ಳಲಿಲ್ಲ. ಯಾವುದೋ ದೇವರ ಹರಕೆ ಸಾಮಾನು ಅಂತ ತಿಳಿದರು.

ಬಂದೂಕು ಇನ್ನೂ ಠಾಣೆಯಲ್ಲೇ ಇತ್ತು. ಆದರೂ ದಿನಾ ಸಂಜೆ ಆಕೆ ಕೋಲು ಹೊತ್ತು ಹೊಲಕ್ಕೆ ಹೋಗಿ ಊರಿ, ಅದರ ಮೇಲೆ ಅಡುಗೆಮನೆಯ ಕಬ್ಬಿಣದ ಊದಗೊಳವಿ ಇಟ್ಟು, ಒಂದು ಕಣ್ಣು ಮುಚ್ಚಿ ಅಭ್ಯಾಸ ಮಾಡುತ್ತಿದ್ದಳು. ಒಲೆ ಊದುವ ಕೊಳವೆಯನ್ನು ಬದುವಿನ ಹೆಂಟೆಗೆ ಗುರಿ ಹಿಡಿಯುವ ಹೆಂಗಸನ್ನು ನೋಡಲು ಹಾದಿಯ ಟ್ರ್ಯಾಕ್ಟರುಗಳು ನಿಲ್ಲುತ್ತಿದ್ದವು.

“ಯಕ್ಕಾ, ಅದಕ್ಕ ಲೈಸನ್ಸ್ ಐತೇನ?” ಅಂತ ಒಬ್ಬ ಕೂಗಿದನಂತೆ.

“ಊದಗೊಳವಿ ಹಿಡಿಯಾಕ ಹೆಂಗಸರಿಗೆ ಯಾರೂ ತಕರಾರ ತಗಿಯಂಗಿಲ್ಲಪಾ. ನಿಮ್ಮವ್ವನ್ನ ಕೇಳು,” ಅಂದಳಂತೆ.

ಆ ಹಂಗಾಮು ಹಂದಿಗಳು ಅರ್ಧ ಹೊಲ ಮೇದವು. ಊದಗೊಳವಿಗೆ ಅವು ಹೆದರಲಿಲ್ಲ. ಮೈದುನ ಬಂದು ಬಹಳ ಕಳಕಳಿಯಿಂದ, “ವೈನಿ, ಯಾಕ ತ್ರಾಸ ತಗೋತೀರಿ, ನಾ ನೋಡಿಕೊಂತೇನಿ ಬಿಡ್ರಿ,” ಅಂದು ಹೋದ. ಆಕೆ ನನಗೆ ಫೋನ್ ಮಾಡಿದಳು. ಅಳುತ್ತಾಳೇನೋ ಅಂತ ನಾನು ಸಮಾಧಾನದ ಮಾತು ಜೋಡಿಸುತ್ತಿದ್ದೆ. “ಪೊಲೀಸ್ರು ಚೌಕಶಿಗೆ ಬರ್ತಾರಂತ. ಕೋಲು ನಿನ್ನ ಅಂಗಡಿದು. ನೀ ಬಂದು ನಿಂದರ,” ಅಂದಳು. ಅಂಗಡಿ ಮುಚ್ಚಿ ಹೋದೆ. ಹಾಗೆ ನಾನು ಯಾರ ಮದುವೆಗೂ ಅಂಗಡಿ ಮುಚ್ಚಿದವನಲ್ಲ.

ಜೀಪು ಹೊಲದ ಬದುವಿಗೇ ಬಂತು. ಸಾಹೇಬರು ದಪ್ಪ ಗಾಜಿನ ಚಷ್ಮಾದವರು, ಬೆಂಗಳೂರು ಕಡೆಯ ಮಾತು. ಠಾಣೆಯಿಂದ ಬಂದೂಕು ತಂದಿದ್ದರು. ಒಂದು ಕೈಯಲ್ಲಿ ಈಕೆಯ ಅರ್ಜಿ, ಇನ್ನೊಂದು ಕೈಯಲ್ಲಿ ಮೈದುನನ ತಕರಾರು. ಮೈದುನ ಇಸ್ತ್ರಿ ಅಂಗಿ ಹಾಕಿ ಬಂದಿದ್ದ. ಊರಿನ ಅರ್ಧ ಜನ ಬದುವಿನ ಮೇಲೆ.

“ನೋಡಮ್ಮ,” ಅಂದರು ಸಾಹೇಬರು, “ಬಂದೂಕು ಅಂದ್ರೆ ಹುಡುಗಾಟ ಅಲ್ಲ. ಕೈ ಸರಿ ಇಲ್ಲ ಅಂತ ಬರೆದಿದ್ದಾರೆ. ನಿಜಾನಾ?”

“ಖರೆ ಐತ್ರಿ. ಎಡಗೈ ಮ್ಯಾಲ ಏರಂಗಿಲ್ಲ.”

“ಹಾಗಾದ್ರೆ ಹೇಗೆ ಹಿಡೀತೀರಿ?”

ಆಕೆ ಕೋಲು ಬಿಚ್ಚಿ ಊರಿದಳು. ಮೈದುನ ತಕ್ಷಣ ಮುಂದೆ ಬಂದ. “ಸಾಹೇಬ್ರ, ಇದ ನೋಡ್ರಿ ನಾ ಹೇಳಿದ್ದು! ಕೋಲು ಇಲ್ಲದ ಆಕಿಗೆ ಆಗಂಗಿಲ್ರಿ. ಕೋಲು ತಗಿಸ್ರಿ, ಬರೇ ಕೈಲೆ ಹಿಡದು ತೋರಿಸಲಿ.”

ಅವನ ಮಾತು ಸಾಹೇಬರಿಗೆ ಸರಿ ಕಂಡಿತು. “ಹೌದಮ್ಮ. ಕೋಲು ಬಿಟ್ಟು ಹಿಡಿದು ತೋರಿಸಿ.”

“ಕೋಲು ಬಿಟ್ಟು ಹಿಡಿಯಂಗಿಲ್ರಿ.”

“ಆಗಲ್ವಾ?”

“ಆಗೂದು ಬಿಡೂದು ಬ್ಯಾರೆ. ಹಿಡಿಯಂಗಿಲ್ಲ.” ಆಕೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ನೀವು ಆ ಚಷ್ಮಾ ತಗದು ನನ್ನ ಅರ್ಜಿ ಓದ್ರಿ ನೋಡೂಣು.”

ಪೇದೆ ಜೀಪಿನ ಗಾಲಿ ನೋಡತೊಡಗಿದ. ಮುಗಿಯಿತು, ಅರ್ಜಿ ಇಲ್ಲೇ ಹರಿಯಿತು ಅಂತ ನಾನು ಅಂದುಕೊಂಡೆ. ಅಧಿಕಾರದಲ್ಲಿ ಇದ್ದವರ ಜೊತೆ ಹೇಗೆ ಮಾತಾಡಬೇಕೆಂದು ನನ್ನನ್ನು ಮೊದಲೇ ಕೇಳಿದ್ದರೆ ನಾಲ್ಕು ಒಳ್ಳೆ ಮಾತು ಕಲಿಸುತ್ತಿದ್ದೆ. ಎಲ್ಲಿ ಕೇಳುತ್ತಾಳೆ?

ಸಾಹೇಬರು ಚಷ್ಮಾ ತೆಗೆದರು. ಖರೆ ಹೇಳುತ್ತೇನೆ, ಅರ್ಜಿಯನ್ನು ಮುಖದ ಹತ್ತಿರ ತಂದರು, ದೂರ ಒಯ್ದರು, ಮತ್ತೆ ಹತ್ತಿರ ತಂದರು. ಆಮೇಲೆ ಚಷ್ಮಾ ಹಾಕಿಕೊಂಡು, “ಕೋಲಿನ ಮೇಲೇ ತೋರಿಸಿ,” ಅಂದರು.

ಬದುವಿನ ಮೇಲೆ ಒಂದು ಹೆಂಟೆ ಇಡಿಸಿದರು. ಆಕೆ ಬಂದೂಕು ತೆಗೆದುಕೊಂಡು ಮೊದಲು ನಳಿಗೆ ಬಗ್ಗಿಸಿ ತೆರೆದು ಒಳಗೆ ನೋಡಿದಳು, ಕಾಡತೂಸು ಹಾಕಲಿಲ್ಲ. ಬದುವಿನ ಆಚೆ ಯಾರಿದ್ದಾರೆ ಅಂತ ನಡೆದು ಹೋಗಿ ನೋಡಿ ಬಂದಳು. ಜನರನ್ನೆಲ್ಲ ತನ್ನ ಹಿಂದೆ ಕರೆದಳು. ಮೈದುನ ಮಾತ್ರ ಸರಿಯಾಗಿ ಕಾಣಬೇಕೆಂದು ಬದುವಿನ ಕೊನೆಯಲ್ಲೇ ನಿಂತಿದ್ದ.

“ಈ ಕಡೆ ಬಾಪಾ. ಲೈಸನ್ಸ್ ಬರೂಕಿಂತ ಮದಲ ನಿನ್ನ ಸಂಬಂಧ ಕೇಸ ಬರೂದು ಬ್ಯಾಡ.”

ಜನ ನಕ್ಕರು. ಅವನು ಬಂದು ನನ್ನ ಬಾಜೂ ನಿಂತ. ಆಗ ಕಾಡತೂಸು ಹಾಕಿದಳು. ಕಾಲು ಅಗಲಿಸಿ ನಿಂತು, ಎಡಗೈಯಿಂದ ಕೋಲನ್ನು ಎದೆಯ ಕಡೆ ಸ್ವಲ್ಪ ಎಳೆದುಕೊಂಡಳು. ಮೂರು ಕಾಲಿನ ಮೇಲೆ ಏನೋ ಒಂದು ಗಟ್ಟಿಯಾಗಿ ಕೂತ ಹಾಗೆ ಕಂಡಿತು. ಸಪ್ಪಳ ಗುಡ್ಡಕ್ಕೆ ಬಡಿದು ಬಂತು. ಹೆಂಟೆ ಇದ್ದಲ್ಲಿ ಧೂಳು.

ಸಾಹೇಬರು ಹೊಗಳಲಿಲ್ಲ. ಬಂದೂಕು ವಾಪಸ್ ಇಸಿದುಕೊಂಡು, “ವರದಿ ಕಳಿಸ್ತೀನಿ,” ಅಂದು ಜೀಪು ಹತ್ತಿದರು. ವರದಿ ಗೋಕಾಕದಿಂದ ಬೆಳಗಾವಿಗೆ ಹೋಗಿ, ಬೆಳಗಾವಿಯಲ್ಲಿ ಕೂತು, ಅಲ್ಲಿಂದ ಯಾವುದೋ ಪ್ರಶ್ನೆ ಹೊತ್ತು ವಾಪಸ್ ಬಂದು, ಮತ್ತೆ ಹೋಯಿತು. ಇನ್ನೊಂದು ಪೀಕು ಬಂತು. ಅದರಲ್ಲೂ ಹಂದಿಗಳ ಪಾಲು ಹೋಯಿತು. ಮೈದುನ ಲಾವಣಿ ಕಾಗದ ಬರೆಸಿಕೊಂಡೇ ಬಂದು ಆಕೆಯ ಕಟ್ಟೆಯ ಮೇಲೆ ಇಟ್ಟು ಹೋದ. ಆಕೆ ಅದರ ಮೇಲೆ ಸಂಡಿಗೆ ಒಣಹಾಕಿದಳು. ನಾನು ಮುಂದಿನ ವಾರ ಹೋದಾಗ ಕರಿದು ತಿನ್ನಲಿಕ್ಕೂ ಕೊಟ್ಟಳು. “ಹೊಲ ಬಿಟ್ಟು ಮಗಳ ಮನಿಗೆ ಹೋಗಿ ಆರಾಮ ಇರ್ರಿ ಅಕ್ಕಾರ,” ಅಂತ ನಾನು ಬುದ್ಧಿ ಹೇಳಿದೆ. ಅದು ಲೆಕ್ಕದ ಮಾತು, ಇವತ್ತು ಯಾರಾದರೂ ಕೇಳಿದರೂ ಅದನ್ನೇ ಹೇಳಬೇಕಾಗುತ್ತದೆ. ಆಕೆ ಸಂಡಿಗೆ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡಳು.

ಲೈಸನ್ಸ್ ಬಂತು. ಆಕೆಯ ಹೆಸರಿಗೇ ಬಂತು. ಬಂದೂಕು ಮನೆಗೆ ಬಂದ ಸಂಜೆಯೇ ಹಂದಿಯ ಹಿಂಡು ಗುಡ್ಡದಿಂದ ಇಳಿಯಿತು. ಆಕೆ ಜೋಳದ ಅಂಚಿಗೆ ಕೋಲು ಊರಿಕೊಂಡು ನಿಂತಿದ್ದಳು. ಮುಂದಿನ ಹಂದಿಯ ಮೂತಿಯೆದುರು ಬದುವಿನ ಮಣ್ಣು ಸಿಡಿಯಿತು. ಇಡೀ ಹಿಂಡು ತಿರುಗಿ ಓಡಿತು. ಗುಡ್ಡದ ಕಡೆ ಓಡಲಿಲ್ಲ, ಬದು ದಾಟಿ ಮೈದುನನ ಕಬ್ಬಿಗೆ ನುಗ್ಗಿತು. ಅಲ್ಲಿ ಮರೆ ಚೆನ್ನಾಗಿತ್ತು, ತಿನ್ನಲಿಕ್ಕೆ ಸಿಹಿಯೂ ಇತ್ತು. ದಿನಾ ಅಲ್ಲೇ ಉಳಿದವು.

ನಾನು ಯಾಕೋ ಆ ವಾರ ಮಮದಾಪುರಕ್ಕೆ ಹೋಗಿದ್ದೆ. ಯಾಕೋ ಏನು, ನೋಡಲಿಕ್ಕೇ ಹೋಗಿದ್ದೆ. ಅಕ್ಕ ಅಂಗಳದಲ್ಲಿ ಕೂತು ಕೋಲಿಗೆ ಹೊಸ ಬಾರು ಬಿಗಿಯುತ್ತಿದ್ದಳು. ಮೈದುನ ಬಂದ. ಈ ಸಲ ಇಸ್ತ್ರಿ ಅಂಗಿ ಇರಲಿಲ್ಲ. ಕೂಡಲಿಲ್ಲ, ಕಂಬ ಹಿಡಿದು ನಿಂತ.

“ವೈನಿ, ಹಂದಿ ಎಲ್ಲಾ ನಮ್ಮ ಕಬ್ಬಿನಾಗ ಸೇರ್ಯಾವ್ರಿ. ಸಾಲಿಗೆ ಸಾಲ ಮಲಗಿಸ್ಯಾವು. ಸಂಜೀಗೆ ನಮ್ಮ ಬದುವಿನ ಕಡೆನೂ ಒಂದೀಟ ಬಂದು ನಿಂದರ್ರಲ್ಲ.”

ಅಕ್ಕ ಬಾರಿನ ತುದಿಯನ್ನು ಹಲ್ಲಿನಿಂದ ಎಳೆದು ಗಂಟು ಬಿಗಿದಳು. ಅವನ ಕಡೆ ನೋಡಲಿಲ್ಲ.

“ಅರ್ಜಿ ಬರಕೊಂಡ ಬಾ,” ಅಂದಳು.

“ಅರ್ಜಿ?”

“ಹೂಂ. ‘ನಮ್ಮ ವೈನಿಗೆ ಬಂದೂಕು ಹಿಡಿಯಾಕ ಬರತೈತಿ’ ಅಂತ ಬರಿ. ಕೆಳಗ ಸಹಿ ಮಾಡು. ಮದಲಿನ ಕಾಗದಕ್ಕ ಮಾಡಿದ್ಯಲ್ಲ, ಅದ ಸಹಿ.”

ನಾನು ಕೆಳಗೆ ನೋಡಿದೆ, ನಗು ಕಾಣಬಾರದೆಂದು. ಅವನು ಕಂಬ ಬಿಟ್ಟ, ಹೊಸ್ತಿಲ ಕಡೆ ಹೋದ, ಅಲ್ಲಿಂದ ತನ್ನ ಕಬ್ಬಿನ ಕಡೆ ನೋಡಿದ. ಮತ್ತೆ ಕಂಬದ ಹತ್ತಿರ ಬಂದ. ಕೊನೆಗೆ ನನ್ನ ಕಡೆ ತಿರುಗಿದ.

“ಸಾವ್ಕಾರ, ಪೆನ್ನ ಐತೇನ್ರಿ?”

ಜೇಬಿನಲ್ಲಿ ಇತ್ತು. ಒಳ್ಳೆ ಪೆನ್ನು, ಹೊಸದು. ತೆಗೆದು ಕೊಟ್ಟೆ. ನಾನು ಕೊಟ್ಟ ವಸ್ತುವನ್ನು ವಾಪಸ್ ಕೇಳದೆ ಇದ್ದದ್ದು ಅದೊಂದೇ.